ನಿಮ್ಮ ಫೋನಿಗೆ ಕನ್ನಡ ತಂದ ಬಿಡುವಿನ ಹೊತ್ತಿನ ಕೆಲಸಗಾರರು

ಕಳೆದ ತಿಂಗಳು ಚನ್ನಗಿರಿಯ ಒಂದು ಡಿಟಿಪಿ ಅಂಗಡಿಯಲ್ಲಿ ಕೂತಿದ್ದೆ. ಹಳ್ಳಿಯಿಂದ ಹಿರಿಯರೊಬ್ಬರು ಬಂದರು. ಎಪ್ಪತ್ತು ದಾಟಿದ ವಯಸ್ಸು, ಕೈಯಲ್ಲಿ ಒಂದು ಸಿಡಿ. ಅವರೂರಿನ ಶಾಲೆಗೆ ಐವತ್ತು ವರ್ಷ ತುಂಬಿದಾಗ, ಅಂದರೆ 2003ರಲ್ಲಿ, ಒಂದು ಸ್ಮರಣ ಸಂಚಿಕೆ ತಂದಿದ್ದರಂತೆ. ಶಾಲೆಗೆ ಜಾಗ ಕೊಟ್ಟವರು, ಕಲ್ಲು ಹೊತ್ತವರು, ಮರ ಕೊಟ್ಟವರು, ಎಲ್ಲರ ಹೆಸರೂ ಅದರಲ್ಲಿತ್ತು. ಅಚ್ಚಾದ ಪ್ರತಿ ಈಗ ಊರಲ್ಲಿ ಒಂದೂ ಉಳಿದಿಲ್ಲ. ಸಿಡಿ ಮಾತ್ರ ಟ್ರಂಕಿನಲ್ಲಿ ಸಿಕ್ಕಿದೆ.

ಅಂಗಡಿ ಹುಡುಗ ಸಿಡಿ ಹಾಕಿ ಫೈಲು ತೆಗೆದ. ಪರದೆ ತುಂಬ ಇಂಗ್ಲಿಷಿನ ಪಿ, ಕ್ಯೂ, ನಡುನಡುವೆ ಪೌಂಡಿನ ಗುರುತು, ತಲೆ ಮೇಲೆ ಗೀಟು ಹೊತ್ತ ಎ. ಹಿರಿಯರು ಕನ್ನಡಕ ಸರಿ ಮಾಡಿಕೊಂಡು ನೋಡಿ, "ತಮ್ಮಾ, ಇದ್ರಾಗೆ ನಮ್ಮೂರ್ ಹೆಸ್ರೇ ಇಲ್ವಲ್ಲೋ" ಅಂದರು.

"ಐತೆ ಯಜಮಾನ್ರೆ, ತಡೀರಿ" ಅಂದ ಹುಡುಗ, ಆ ಅಕ್ಷರಗಳನ್ನೆಲ್ಲ ಕಾಪಿ ಮಾಡಿ ಒಂದು ವೆಬ್‌ಸೈಟಿನ ಖಾಲಿ ಡಬ್ಬಿಯಲ್ಲಿ ಹಾಕಿದ. ಒಂದು ಗುಂಡಿ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟವೆಲ್ಲ ಕನ್ನಡವಾಯಿತು.

ದುಡ್ಡು ಕೇಳಲಿಲ್ಲ, ಹೆಸರು ಕೇಳಲಿಲ್ಲ, ಓಟಿಪಿ ಕೇಳಲಿಲ್ಲ ಆ ವೆಬ್‌ಸೈಟು. "ಯಾರ್ದಪ್ಪ ಇದು, ಸರ್ಕಾರದ್ದಾ?" ಅಂತ ಹಿರಿಯರು ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ. "ಯಾರೋ ಮಾಡಿಟ್ಟವ್ರೆ" ಅಂದ.

ಆ "ಯಾರೋ" ಯಾರು ಅಂತ ಹುಡುಕುತ್ತ ಹೋದೆ. ನೀವು ಈ ಬರಹವನ್ನು ಫೋನಿನಲ್ಲಿ ಕನ್ನಡದಲ್ಲೇ ಓದುತ್ತಿದ್ದೀರಿ ಅಂದರೆ, ಅದರ ಹಿಂದೆ ಇಂಥ ಹಲವು "ಯಾರೋ"ಗಳಿದ್ದಾರೆ. ಹಗಲು ಹೊಟ್ಟೆಪಾಡಿನ ಕೆಲಸ, ರಾತ್ರಿ ಮತ್ತು ಭಾನುವಾರ ಕನ್ನಡದ ಕೆಲಸ. ಮಾಡಿದ್ದನ್ನು ತಮ್ಮದೇ ಒಂದು ಪುಟ್ಟ ಜಾಲತಾಣದಲ್ಲಿ ಇಟ್ಟು, ಬೇಕಾದವರು ತಗೊಳ್ಳಿ ಅಂದವರು. ಅವರ ಚರಿತ್ರೆ ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ.

ನಮ್ಮ ಜಿಲ್ಲೆಯ ಓರಗೆಯ ಕೂಸು

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಜಗಳೂರು ಚಿತ್ರದುರ್ಗದಿಂದ ಬಂತು, ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗದಿಂದ ಬಂದವು. ನ್ಯಾಮತಿ ಆಗ ಹೊನ್ನಾಳಿಯದೇ ಭಾಗ, ತಾಲ್ಲೂಕಾಗಿದ್ದು 2018ರಲ್ಲಿ. ಕನ್ನಡದ ಜಾಲತಾಣಗಳು ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಓರಗೆಯವು.

ಜಗತ್ತಿನ ಮೊದಲ ವೆಬ್‌ಸೈಟ್ ಬಂದದ್ದು 1991ರಲ್ಲಿ. ಸ್ವಿಟ್ಜರ್‌ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅದನ್ನು ಮಾಡಿದರು. ಈ ವಿದ್ಯೆಯನ್ನು ಯಾರು ಬೇಕಾದರೂ ಬಳಸಬಹುದು, ಕಾಸು ಕೊಡಬೇಕಿಲ್ಲ ಎಂದು ಆ ಸಂಸ್ಥೆ 1993ರಲ್ಲಿ ಘೋಷಿಸಿತು. ಆಮೇಲೆ ಕಂಪ್ಯೂಟರ್ ಹುಚ್ಚಿನ ಹುಡುಗರು ತಮ್ಮ ತಮ್ಮ ಪುಟ ಕಟ್ಟತೊಡಗಿದರು. ತಾವು ಓದಿದ್ದು, ಕಲಿತದ್ದು, ಬರೆದ ಪ್ರೋಗ್ರಾಮು, ಸಾಕಿದ ಬೆಕ್ಕಿನ ಫೋಟೊ, ಏನು ಬೇಕಾದರೂ. ದಿನಚರಿಯ ಹಾಗೆ ಬರೆದಿಡುವ ಇಂಥ ಪುಟಕ್ಕೆ 1997ರಲ್ಲಿ "ವೆಬ್‌ಲಾಗ್" ಎಂಬ ಹೆಸರು ಬಂತು. ಅದೇ ಮೊಟಕಾಗಿ "ಬ್ಲಾಗ್" ಆಯಿತು.

ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷವೇ, 1996ರಲ್ಲಿ, ಕನ್ನಡದ ಮೊದಲ ಜಾಲತಾಣ "ವಿಶ್ವಕನ್ನಡ" ಬಂತು. ಮಾಡಿದವರು ಯು.ಬಿ. ಪವನಜ. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಕನ್ನಡದಲ್ಲಿ ವೆಬ್‌ಸೈಟ್ ಮಾಡು ಎಂದು ಅವರಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ. ಮುಂದೆ ಅವರೇ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ "ಲೋಗೊ" ಭಾಷೆಯ ಕನ್ನಡ ರೂಪವನ್ನೂ ತಂದರು. ಇಂಗ್ಲಿಷ್ ಬಾರದ ಮಗು ಕೂಡ ಕಂಪ್ಯೂಟರಿಗೆ ಕನ್ನಡದಲ್ಲೇ ಆಜ್ಞೆ ಕೊಡಬಹುದು ಅಂತ ತೋರಿಸಿದ ಕೆಲಸ ಅದು.

ಆದರೆ ಆ ಕಾಲದಲ್ಲಿ ಕನ್ನಡದ ಪುಟ ತೆರೆಯುವುದೇ ಒಂದು ಸಾಹಸ. ಮೊದಲು ಆ ತಾಣದ ಫಾಂಟ್ ಇಳಿಸಿಕೊಳ್ಳಬೇಕು, ಕಂಪ್ಯೂಟರಿಗೆ ಹಾಕಬೇಕು, ಆಮೇಲೆ ಓದಬೇಕು. ಒಂದು ತಾಣದ ಫಾಂಟು ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಏಕೆ ಹಾಗೆ ಅನ್ನುವುದು ತಿಳಿದರೆ ಆ ಹಿರಿಯರ ಸಿಡಿಯ ಗುಟ್ಟೂ ತಿಳಿಯುತ್ತದೆ.

ವೇಷ ಹಾಕಿದ ಅಕ್ಷರಗಳು

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರು ಮಾತ್ರ ಗೊತ್ತು. ಹಳೆಯ ಪದ್ಧತಿಯಲ್ಲಿ ನಂಬರುಗಳನ್ನೆಲ್ಲ ಇಂಗ್ಲಿಷಿಗೆ, ಯುರೋಪಿನ ಭಾಷೆಗಳಿಗೆ ಹಂಚಿಬಿಟ್ಟಿದ್ದರು. ಕನ್ನಡಕ್ಕೆ ಜಾಗವೇ ಇರಲಿಲ್ಲ. ಹಾಗಾಗಿ ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರದ ನಂಬರನ್ನೇ ಇಟ್ಟುಕೊಂಡು, ಮೇಲೆ ಕನ್ನಡದ ಆಕಾರ ತೊಡಿಸಿದರು. ಬಯಲಾಟದಲ್ಲಿ ನಮ್ಮೂರ ಮಾವನೇ ಮುಖಕ್ಕೆ ಬಣ್ಣ ಹಚ್ಚಿ ಭೀಮನಾಗಿ ಬಂದ ಹಾಗೆ. ಫಾಂಟ್ ಅಂದರೆ ಆ ಬಣ್ಣ. ಬಣ್ಣ ತೊಳೆದರೆ ಒಳಗಿನ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಫೋನಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಹಳೆಯ ಫೈಲು ತೆರೆದಾಗ ಆಗುವುದು ಅದೇ.

ಈ ಕಾಲದಲ್ಲಿ ದೊಡ್ಡ ಕೆಲಸ ಮಾಡಿದ ಮೊದಲ ಹೆಸರು ಕೆ.ಪಿ. ರಾವ್ ಅವರದು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಅಚ್ಚಿನ ಅಕ್ಷರಗಳ ಮೋನೋಟೈಪ್ ಕಂಪನಿಯಲ್ಲಿ ಕೆಲಸ ಮಾಡಿದವರು. ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡವನ್ನು ಹೇಗೆ ಸುಲಭವಾಗಿ ಬರೆಯಬಹುದು ಅಂತ ಯೋಚಿಸಿ ಒಂದು ವಿನ್ಯಾಸ ಮಾಡಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ "ಸೇಡಿಯಾಪು" ಅಂತ ಹೆಸರಿಟ್ಟು ಪುಕ್ಕಟೆಯಾಗಿ ಹಂಚಿದರು.

ಅವರ ವಿನ್ಯಾಸ ನಮ್ಮ ಡಿಟಿಪಿ ಅಂಗಡಿಗಳ ಹುಡುಗ-ಹುಡುಗಿಯರ ಬೆರಳಿನಲ್ಲಿ ಇವತ್ತಿಗೂ ಇದೆ. "ಕನ್ನಡ" ಅಂತ ಬರೆಯಲು ಅವರು ಒತ್ತುವುದು ಕೆ, ಎನ್, ಎಫ್, ಎನ್, ಡಬ್ಲ್ಯು. ಐದೇ ಗುಂಡಿ. ನಡುವಿನ ಎಫ್ ಒತ್ತಕ್ಷರ ಕೂಡಿಸುವ ಕೊಂಡಿ. ಮದುವೆ ಕರೆಯೋಲೆ, ತಾಲ್ಲೂಕು ಆಫೀಸಿನ ಅರ್ಜಿ, ಜಾತ್ರೆಯ ಪಾಂಪ್ಲೆಟ್, ನಾನು ಪತ್ರಿಕೆಗೆ ಕಳಿಸುವ ಸುದ್ದಿ, ಎಲ್ಲಕ್ಕೂ ಇದೇ ದಾರಿ. ಸರ್ಕಾರ ಒಪ್ಪಿಕೊಂಡ ಕೀಲಿಮಣೆಗೆ ಆಧಾರವಾದದ್ದೂ ಅವರದೇ ವಿನ್ಯಾಸ. ಅದನ್ನೇ ಇಟ್ಟುಕೊಂಡು ಕನ್ನಡ ಗಣಕ ಪರಿಷತ್ತು "ನುಡಿ" ತಂತ್ರಾಂಶ ತಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ರಾವ್ ಅವರಿಗೆ ನಾಡೋಜ ಗೌರವ ಕೊಟ್ಟಿದೆ.

ಎರಡನೆಯ ಹೆಸರು ಶೇಷಾದ್ರಿವಾಸು ಚಂದ್ರಶೇಖರನ್. ಅಮೆರಿಕದಲ್ಲಿದ್ದ ಸಾಫ್ಟ್‌ವೇರ್ ಎಂಜಿನಿಯರ್. ಬಿಡುವಿನ ವೇಳೆಯಲ್ಲಿ ಅವರು ಬರೆದ "ಬರಹ" ತಂತ್ರಾಂಶದ ಮೊದಲ ಆವೃತ್ತಿ 1998ರಲ್ಲಿ ಬಂತು. ಇದರ ದಾರಿಯೇ ಬೇರೆ. ಇಂಗ್ಲಿಷಿನಲ್ಲಿ ಉಚ್ಚಾರ ಹೇಗೋ ಹಾಗೆ ಬರೆದರೆ ಸಾಕು, ಕನ್ನಡವಾಗುತ್ತದೆ. ದೊಡ್ಡ ಡಿ ಒತ್ತಿದರೆ "ಡ", ಸಣ್ಣ ಡಿ ಒತ್ತಿದರೆ "ದ". ಕೀಲಿಮಣೆ ಕಲಿಯದವರೂ ಕನ್ನಡ ಬರೆಯಬಹುದಾಯಿತು. ಪರದೇಶಕ್ಕೆ ಹೋದ ಮಕ್ಕಳು ಊರಿನ ಅಪ್ಪನಿಗೆ ಕನ್ನಡದಲ್ಲಿ ಪತ್ರ ಬರೆದು ಪ್ರಿಂಟ್ ಕಳಿಸುವಂತಾಯಿತು.

ನಾನು ಮೊದಲು ಕನ್ನಡವನ್ನು ಕಂಪ್ಯೂಟರಿನಲ್ಲಿ ನೋಡಿದ್ದು ಹೊನ್ನಾಳಿಯ ಒಂದು ಸೈಬರ್ ಕೆಫೆಯಲ್ಲಿ, ಹೈಸ್ಕೂಲಿನಲ್ಲಿದ್ದಾಗ. ಗಂಟೆಗೆ 20 ರೂಪಾಯಿ. ಬರಹದಲ್ಲಿ ನನ್ನ ಹೆಸರು ಬರೆದು ಅಕ್ಷರ ದೊಡ್ಡದು ಮಾಡಿ, ಸಣ್ಣದು ಮಾಡಿ, ಬಣ್ಣ ಹಚ್ಚಿ ಗಂಟೆ ಮುಗಿಸಿದ್ದೆ. ಅದನ್ನು ಮಾಡಿದವರು ಯಾರು ಅಂತ ಆಗ ಯೋಚನೆಯೇ ಬಂದಿರಲಿಲ್ಲ.

ಬರಹ ಬಹಳ ವರ್ಷ ಪುಕ್ಕಟೆ ಇತ್ತು. ಮುಂದೆ ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ಅದು ಮಾಡಿದವರ ಹಕ್ಕು, ತಪ್ಪು ಅನ್ನಲಾಗದು. ಒಬ್ಬ ಮನುಷ್ಯ ಎಷ್ಟು ವರ್ಷ ಅಂತ ನಿದ್ದೆಗೆಟ್ಟು ಬಿಟ್ಟಿ ದುಡಿಯಬೇಕು? ಆದರೆ ಇಡೀ ನಾಡು ಒಬ್ಬರ ಬಿಡುವಿನ ಹೊತ್ತನ್ನು ನಂಬಿಕೊಂಡು ಕೂತಿತ್ತು ಅನ್ನುವುದು ನೆನಪಿಡಬೇಕಾದ ಮಾತು.

ಅಕ್ಷರಕ್ಕೆ ಸ್ವಂತ ನಂಬರು

ವೇಷದ ಕಷ್ಟ ಕಳೆದದ್ದು ಯೂನಿಕೋಡ್‌ನಿಂದ. ಜಗತ್ತಿನ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ನಂಬರು ಕೊಡುವ ಪದ್ಧತಿ ಅದು. ಕನ್ನಡಕ್ಕೆ 128 ಸ್ಥಾನ ಇಟ್ಟಿದ್ದಾರೆ. "ಅ" ಅಕ್ಷರದ ನಂಬರು 3205, "ಕ" ಅಕ್ಷರದ್ದು 3221. ಈಗ ಜಗಳೂರಿನ ಫೋನಿನಲ್ಲಿ ಬರೆದ "ಕ" ಜಪಾನಿನ ಫೋನಿನಲ್ಲೂ "ಕ"ವೇ. ಫಾಂಟ್ ಬದಲಾದರೆ ಅಕ್ಷರದ ಚೆಂದ ಬದಲಾಗಬಹುದು, ಅಕ್ಷರ ಬದಲಾಗುವುದಿಲ್ಲ. ಹುಡುಕಿದರೆ ಸಿಗುತ್ತದೆ.

ನಂಬರು 1991ರಲ್ಲೇ ಸಿಕ್ಕಿತ್ತು. ಆದರೆ ಅದನ್ನು ತೋರಿಸುವ ಯಂತ್ರ ಬೇಕಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ "ತುಂಗಾ" ಎಂಬ ಕನ್ನಡ ಫಾಂಟ್ ಇತ್ತು. ನಮ್ಮ ಹೊನ್ನಾಳಿ, ನ್ಯಾಮತಿಯ ಜನರಿಗೆ ಆ ಹೆಸರು ಕೇಳಿದರೆ ಖುಷಿಯಾಗಬೇಕು. ಆಮೇಲೆ ಕನ್ನಡದ ಪುಟಗಳು ಒಂದೊಂದಾಗಿ ಅರಳಿದವು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಅದರ ಆರಂಭದ ದಿನಗಳಲ್ಲಿ ದುಡಿದ ಯುವಕ ಹರಿಪ್ರಸಾದ್ ನಾಡಿಗ್ 2005ರಲ್ಲಿ "ಸಂಪದ" ಎಂಬ ತಾಣ ಕಟ್ಟಿದರು. ಯಾರು ಬೇಕಾದರೂ ಸೇರಿಕೊಂಡು ಕನ್ನಡದಲ್ಲಿ ಬರೆಯಬಹುದಾದ ಜಾಗ ಅದು. ಎಷ್ಟೋ ಜನ ಮೊದಲ ಲೇಖನ ಬರೆದದ್ದು ಅಲ್ಲೇ.

ಗೂಗಲ್‌ನ ಬ್ಲಾಗರ್, ವರ್ಡ್‌ಪ್ರೆಸ್ ಎಂಬ ಪುಕ್ಕಟೆ ಸೇವೆಗಳು ಬಂದ ಮೇಲಂತೂ ಪ್ರೋಗ್ರಾಮಿಂಗ್ ಬಾರದವರೂ ಬ್ಲಾಗ್ ತೆರೆದರು. ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡೇ ವಿಜ್ಞಾನ ಬರೆಯುತ್ತಿದ್ದ ಟಿ.ಜಿ. ಶ್ರೀನಿಧಿ 2007ರಲ್ಲಿ "ಇಜ್ಞಾನ" ಶುರು ಮಾಡಿದರು. ಓಂಶಿವಪ್ರಕಾಶ್ ಎಂಬ ಎಂಜಿನಿಯರ್ "ಲಿನಕ್ಸಾಯಣ" ಬ್ಲಾಗಿನಲ್ಲಿ ಲಿನಕ್ಸ್ ಬಗ್ಗೆ ಕನ್ನಡದಲ್ಲಿ ಪಾಠ ಹೇಳಿದರು. ಲಿನಕ್ಸ್ ಅಂದರೆ ದುಡ್ಡು ಕೊಡದೆ ಬಳಸಬಹುದಾದ, ಒಳಗಿನ ಕೋಡನ್ನು ಬಿಚ್ಚಿ ನೋಡಬಹುದಾದ ಕಾರ್ಯವ್ಯವಸ್ಥೆ. ತಂತ್ರಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದು ಅನ್ನುತ್ತಿದ್ದವರಿಗೆ ಇವರೆಲ್ಲ ಬರೆದೇ ಉತ್ತರ ಕೊಟ್ಟರು.

ಇಲ್ಲಿ ಒಂದು ಮಾತು ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ನಾನು ಮೇಲೆ ಹೆಸರಿಸಿದವರೆಲ್ಲ ಗಂಡಸರು. ಓದಿದವರು, ಕೈಗೆ ಕಂಪ್ಯೂಟರ್ ಸಿಕ್ಕವರು, ಹೆಚ್ಚಿನವರು ಬೆಂಗಳೂರು, ಮುಂಬೈ, ಅಮೆರಿಕದಲ್ಲಿ ಇದ್ದವರು. ಆ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಕರೆಂಟೇ ಇರುತ್ತಿರಲಿಲ್ಲ. ಬಿಡುವು ಅನ್ನುವುದು ಕೂಡ ಎಲ್ಲರಿಗೂ ಸಿಗುವ ಆಸ್ತಿಯಲ್ಲ. ಅಡಿಕೆ ಸುಲಿಯಲು ಬೆಳಗಿನ ಜಾವ ಎದ್ದು ಹೋಗುವ ಹೆಣ್ಣುಮಗಳಿಗೆ ಬ್ಲಾಗ್ ಬರೆಯುವ ಬಿಡುವು ಎಲ್ಲಿಂದ ಬರಬೇಕು? ಹಾಗಾಗಿ ಅಂತರ್ಜಾಲದ ಕನ್ನಡದಲ್ಲಿ ಊರಿನವರು ಬಹಳ ಕಾಲ ಬರೆಯುವವರಾಗಿರಲಿಲ್ಲ. ಈಗಲೂ ಹೆಚ್ಚಿನವರು ಓದುವವರೇ.

ಕಳೆದುಹೋದದ್ದು

2016ರಲ್ಲಿ ಜಿಯೋ ಬಂತು. ಹಳ್ಳಿ ಹಳ್ಳಿಗೆ ಇಂಟರ್‌ನೆಟ್ ಬಂತು. ಆದರೆ ಅಷ್ಟರಲ್ಲಿ ಬ್ಲಾಗುಗಳ ಕಾಲ ಇಳಿಮುಖವಾಗಿತ್ತು. ಬ್ಲಾಗುಗಳನ್ನೆಲ್ಲ ಒಂದೇ ಕಡೆ ಓದಲು ಅನುಕೂಲವಾಗಿದ್ದ ಗೂಗಲ್ ರೀಡರ್ 2013ರಲ್ಲೇ ಮುಚ್ಚಿತ್ತು. ಬರೆಯುವವರು ಫೇಸ್‌ಬುಕ್ಕಿಗೆ ಹೋದರು, ಓದುವವರು ವಾಟ್ಸ್ಆ್ಯಪ್‌ಗೆ ಹೋದರು. ನಾವು ಸ್ವಂತ ಮನೆ ಎಂದರೇನು ಅಂತ ನೋಡದೆಯೇ ನೇರ ಬಾಡಿಗೆ ಮನೆಗೆ ಇಳಿದೆವು.

ಬಾಡಿಗೆ ಮನೆಯ ಕಷ್ಟ ಜಗತ್ತು ಮೊದಲೇ ಕಂಡಿತ್ತು. 1990ರ ದಶಕದಲ್ಲಿ ಜಿಯೋಸಿಟೀಸ್ ಎಂಬ ತಾಣ ಜನರಿಗೆ ಪುಕ್ಕಟೆ ಪುಟ ಕೊಡುತ್ತಿತ್ತು. ಲಕ್ಷಾಂತರ ಜನ ಅಲ್ಲಿ ಮನೆ ಮಾಡಿದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಒಂದಿಷ್ಟು ಪುಟಗಳನ್ನು ಹವ್ಯಾಸಿಗಳು ಮತ್ತು ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ನಕಲು ಮಾಡಿ ಉಳಿಸಿದರು. ಉಳಿದವು ಹೋದವು.

ಇದು ನನಗೆ ಪರರ ಕಥೆಯಲ್ಲ. ಡಿಪ್ಲೊಮಾ ಓದುವಾಗ ನಾವು ಹನ್ನೊಂದು ಜನ ಸೇರಿ ಒಂದು ಪುಕ್ಕಟೆ ಸೇವೆಯಲ್ಲಿ ಬ್ಲಾಗ್ ಮಾಡಿದ್ದೆವು. ಸೂಳೆಕೆರೆಯ ಮೀನುಗಾರರು, ಸಂತೇಬೆನ್ನೂರು ಪುಷ್ಕರಣಿ, ಅಡಿಕೆ ಖೇಣಿ ಕೊಟ್ಟು ಕೈಸುಟ್ಟುಕೊಂಡ ರೈತರು, ಹೀಗೆ ಎಂಬತ್ತಕ್ಕೂ ಹೆಚ್ಚು ಬರಹ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರನ್ನು ಎರಡು ದಿನ ಮಾತಾಡಿಸಿ ನಾನೊಂದು ಲೇಖನ ಬರೆದಿದ್ದೆ. 1970ರ ದಶಕದ ಆರಂಭದ ಬರದಲ್ಲಿ ಯಾವ ಸೊಪ್ಪು ತಿಂದರು, ಯಾವ ಬಾವಿ ಕೊನೆಯವರೆಗೆ ನೀರು ಕೊಟ್ಟಿತು, ದನಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋದರು, ಎಲ್ಲವನ್ನೂ ಅವರು ಹೆಸರು ಹಿಡಿದು ಹೇಳಿದ್ದರು.

ಆ ಸೇವೆ ನಡೆಸುತ್ತಿದ್ದ ಕಂಪನಿ ಅದನ್ನು ಮುಚ್ಚಿತು. ಮುಚ್ಚುತ್ತೇವೆ, ನಿಮ್ಮ ಬರಹ ಇಳಿಸಿಕೊಳ್ಳಿ ಅಂತ ಮೇಲ್ ಕಳಿಸಿತ್ತು. ಆ ಮೇಲ್ ಹೋದದ್ದು ನಾವು ಯಾರೂ ತೆರೆಯದೆ ಬಿಟ್ಟಿದ್ದ ಖಾತೆಗೆ. ನಮಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಹೋಗಿತ್ತು. ಅಜ್ಜಿ ತೀರಿಕೊಂಡು ಆರು ವರ್ಷವಾಯಿತು. ಆ ಬಾವಿ ಊರಿನ ಯಾವ ದಿಕ್ಕಿಗಿತ್ತು ಅಂತ ನನಗೀಗ ಖಚಿತವಾಗಿ ನೆನಪಿಲ್ಲ. ತಪ್ಪು ನಮ್ಮದೂ ಹೌದು. ಒಂದು ಪೆನ್ ಡ್ರೈವಿಗೆ ನಕಲು ಹಾಕಿಕೊಳ್ಳಲು ಐದು ನಿಮಿಷ ಸಾಕಿತ್ತು.

ಉಳಿದದ್ದು ಏಕೆ ಉಳಿಯಿತು

ಹಾಗಾದರೆ ಉಳಿದವು ಯಾವುವು? ಅಂಗಡಿ ಹುಡುಗ ತೆರೆದ ಪುಟಕ್ಕೆ ಬರುತ್ತೇನೆ. ಹಳೆಯ ನುಡಿ, ಬರಹ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಅಂಥ ಪರಿವರ್ತಕವನ್ನು ಬರೆದವರಲ್ಲಿ ಒಬ್ಬರು ಅರವಿಂದ ವಿ.ಕೆ. ಸಾಫ್ಟ್‌ವೇರ್ ಎಂಜಿನಿಯರ್. ತಮ್ಮ ಸ್ವಂತ ಜಾಲತಾಣದಲ್ಲಿ ಅದನ್ನು ಇಟ್ಟರು, ಅದರ ಕೋಡನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ಇವರೇ "ಗುಬ್ಬಿ" ಮತ್ತು ಕೈಬರಹದಂತೆ ಕಾಣುವ "ನವಿಲು" ಎಂಬ ಎರಡು ಕನ್ನಡ ಫಾಂಟುಗಳನ್ನೂ ಕೊಟ್ಟಿದ್ದಾರೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಭಂಡಾರದಲ್ಲಿ ಆ ಎರಡೂ ಇವೆ. ನಾಳೆ ಅರವಿಂದರ ತಾಣ ಮುಚ್ಚಿದರೂ ಗುಬ್ಬಿ, ನವಿಲು ಬೇರೆ ಕಡೆ ಬದುಕಿರುತ್ತವೆ.

ಇನ್ನೊಂದು "ವಚನ ಸಂಚಯ". ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದಾದ ತಾಣ. ಓಂಶಿವಪ್ರಕಾಶ್, ದೇವರಾಜ್, ಪವಿತ್ರಾ ಹಂಚಗಯ್ಯ ಎಂಬ ಗೆಳೆಯರು ಕಟ್ಟಿದ್ದು. ವಿಮರ್ಶಕ ಓ.ಎಲ್. ನಾಗಭೂಷಣ ಸ್ವಾಮಿ, ಕತೆಗಾರ ವಸುಧೇಂದ್ರ ಜೊತೆಗೆ ನಿಂತರು. ನಮ್ಮ ಪಕ್ಕದ ಶಿಕಾರಿಪುರ ಸೀಮೆಯ ಅಲ್ಲಮ, ಅಕ್ಕಮಹಾದೇವಿ ಯಾವ ಪದವನ್ನು ಎಷ್ಟು ಸಲ ಬಳಸಿದ್ದಾರೆ ಅಂತ ನೋಡಬೇಕೆಂದರೆ ಹಿಂದೆ ಸಂಪುಟಗಟ್ಟಲೆ ಪುಸ್ತಕ ತಿರುವಬೇಕಿತ್ತು. ಈಗ ನ್ಯಾಮತಿಯ ಒಬ್ಬ ಕಾಲೇಜು ಹುಡುಗಿ ಬಸ್ಸಿಗೆ ಕಾಯುತ್ತ ಫೋನಿನಲ್ಲೇ ನೋಡಬಹುದು.

ನನಗೆ ಬಹಳ ಇಷ್ಟವಾದದ್ದು "ಅಲರ್" ನಿಘಂಟಿನ ಕಥೆ. ವಿ. ಕೃಷ್ಣ ಎಂಬುವರು ಒಬ್ಬರೇ ಕೂತು ನಾಲ್ಕು ದಶಕ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದರು. ಸುಮಾರು ಒಂದೂವರೆ ಲಕ್ಷ ಕನ್ನಡ ಪದ, ಎರಡು ಲಕ್ಷ ನಲವತ್ತು ಸಾವಿರದಷ್ಟು ಅರ್ಥ. ಅತ್ತ ಕೈಲಾಶ್ ನಾಥ್ ಎಂಬ ಮಲಯಾಳಿ ಪ್ರೋಗ್ರಾಮರ್, 2010ರಲ್ಲೇ ಹವ್ಯಾಸಕ್ಕೆಂದು ಮಲಯಾಳಂಗೆ "ಓಳಂ" ಎಂಬ ಆನ್‌ಲೈನ್ ನಿಘಂಟು ಮಾಡಿದ್ದರು. ಕೃಷ್ಣ ಅವರ ಜೀವಮಾನದ ದುಡಿಮೆಯನ್ನು 2019ರಲ್ಲಿ ಅವರು ಅಂತರ್ಜಾಲಕ್ಕೆ ತಂದರು. ಬರೀ ನೋಡಲಿಕ್ಕೆ ಮಾತ್ರವಲ್ಲ, ಇಡೀ ನಿಘಂಟಿನ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅದರ ಮೇಲೆ ಹೊಸದನ್ನು ಕಟ್ಟಬಹುದು ಅಂತ ಬಿಟ್ಟುಕೊಟ್ಟರು. ಕನ್ನಡ ಮನೆಮಾತಲ್ಲದವರೊಬ್ಬರು ಮಾಡಿದ ಕೆಲಸ ಇದು.

ಇವೆಲ್ಲದರಲ್ಲಿ ಒಂದು ಸಾಮಾನ್ಯ ಗುಣ ನೋಡಿ. ಮಾಡಿದವರು ತಮ್ಮದೇ ಜಾಗದಲ್ಲಿ ಇಟ್ಟರು, ಮತ್ತೆ ಬೇರೆಯವರು ನಕಲು ತಗೊಳ್ಳಲು ಬಿಟ್ಟರು. ಈ ಎರಡರಲ್ಲಿ ಒಂದೇ ಇದ್ದರೆ ಸಾಲದು. ಸ್ವಂತ ಜಾಗ ಮಾತ್ರ ಇದ್ದರೆ, ಮಾಡಿದವರು ಸುಸ್ತಾದ ದಿನ ಅದು ಮುಚ್ಚುತ್ತದೆ. ಎಷ್ಟೋ ಒಳ್ಳೆಯ ಕನ್ನಡ ಬ್ಲಾಗುಗಳು ಹಾಗೆ ಹೋಗಿವೆ. ವರ್ಷದ ಬಾಡಿಗೆ ಕಟ್ಟಲು ಮರೆತರೆ ತಾಣದ ಹೆಸರೇ ಬೇರೆಯವರ ಪಾಲಾಗುತ್ತದೆ. ರೈತರು ಬಿತ್ತನೆ ಬೀಜವನ್ನು ಒಂದೇ ಮನೆಯಲ್ಲಿ ಇಡುತ್ತಿರಲಿಲ್ಲ. ನೆಂಟರಿಗೆ, ನೆರೆಯವರಿಗೆ ಕೊಟ್ಟಿರುತ್ತಿದ್ದರು. ತಮ್ಮ ಮನೆಯದು ಹುಳ ಹಿಡಿದರೆ ಅವರ ಮನೆಯಿಂದ ತರುತ್ತಿದ್ದರು. ಲೆಕ್ಕ ಇಷ್ಟೇ.

ನಮ್ಮ ನಾಲ್ಕು ತಾಲ್ಲೂಕು

ನಮ್ಮ ಕಡೆಯಿಂದ ಅಂತರ್ಜಾಲದಲ್ಲಿ ಏನಿದೆ ಅಂತ ಹುಡುಕಿದರೆ ಅಪಘಾತ, ರಾಜಕೀಯ, ಅಡಿಕೆ ಧಾರಣೆ. ಸುದ್ದಿಗಾರನಾಗಿ ಆ ರಾಶಿಗೆ ನಾನೂ ಸೇರಿಸಿದ್ದೇನೆ. ಆದರೆ ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆ ವಿಂಗಡಿಸುವ ಹೆಣ್ಣುಮಕ್ಕಳ ಕಣ್ಣಳತೆ ಎಂಥದ್ದು ಅಂತ ಬರೆದದ್ದು ಕಡಿಮೆ. ಜಗಳೂರಿನ ಕುರಿಗಾಹಿಗಳು ಹುಲ್ಲಿಗೆ, ಕುರಿಯ ರೋಗಕ್ಕೆ ಇಟ್ಟ ಹೆಸರುಗಳು ಬರೆದಿಟ್ಟದ್ದು ಕಡಿಮೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಜಾತ್ರೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಲಂಬಾಣಿ ಮಾತಿಗೆ ತನ್ನದೇ ಲಿಪಿ ಇಲ್ಲ. ತಾಂಡಾದ ಅಜ್ಜಿಯರ ಹಾಡನ್ನು ಕನ್ನಡ ಲಿಪಿಯಲ್ಲಾದರೂ ಬರೆದಿಡಬೇಕಾದವರು ಈಗಿನ ಓದಿದ ಮಕ್ಕಳು. ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದ ಹಾಡು 24 ಗಂಟೆ ಇರುತ್ತದೆ. ಫೋನು ಬದಲಾಯಿಸಿದಾಗ ಗ್ರೂಪಿನಲ್ಲಿದ್ದದ್ದೂ ಹೋಗಬಹುದು.

ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ. ನಾನು ಮಾಡಿಕೊಂಡದ್ದನ್ನು ಹೇಳುತ್ತೇನೆ. ಹಳೆಯ ನುಡಿ ಫೈಲುಗಳಿದ್ದರೆ ಮೊದಲು ಯೂನಿಕೋಡಿಗೆ ತಿರುಗಿಸಿ. ಹೊಸದಾಗಿ ಬರೆಯುವುದಾದರೆ ಯೂನಿಕೋಡಿನಲ್ಲೇ ಬರೆಯಿರಿ, ಹೊಸ ನುಡಿಯಲ್ಲೂ ಆ ಅನುಕೂಲ ಇದೆ. ಒಂದು ಪುಕ್ಕಟೆ ಬ್ಲಾಗ್ ತೆರೆಯಿರಿ, ಆದರೆ ಅದರ ನಕಲನ್ನು ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳಿ. ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇರುವುದು ಬೇಡ, ನಂಬಿಕೆಯ ಇನ್ನೊಬ್ಬರಿಗೂ ಗೊತ್ತಿರಲಿ. ಇಂಟರ್‌ನೆಟ್ ಆರ್ಕೈವ್‌ನ "ವೇಬ್ಯಾಕ್ ಮಷೀನ್" ಎಂಬ ತಾಣದಲ್ಲಿ ನಿಮ್ಮ ಪುಟದ ವಿಳಾಸ ಕೊಟ್ಟರೆ ಅದು ಒಂದು ಪ್ರತಿ ತೆಗೆದಿಟ್ಟುಕೊಳ್ಳುತ್ತದೆ, ಕಾಸಿಲ್ಲ. ನಿಮ್ಮದೇ ಹೆಸರಿನ ವಿಳಾಸ ಬೇಕೆಂದರೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಊರಿನ ಹತ್ತು ಜನ ಸೇರಿದರೆ ತಲೆಗೆ ನೂರು. ನಮ್ಮ ಈ ಬ್ಲಾಗಿನ ಬರಹಗಳನ್ನೂ ಈಗ ಮೂವರು ಬೇರೆ ಬೇರೆ ಕಡೆ ನಕಲು ಇಟ್ಟುಕೊಂಡಿದ್ದೇವೆ. ಒಂದು ಸಲ ಕಳೆದುಕೊಂಡವರಿಗೆ ಬಂದ ಬುದ್ಧಿ ಅದು.

ಮತ್ತೆ ಚನ್ನಗಿರಿಯ ಅಂಗಡಿಗೆ. ಪುಟ ಕನ್ನಡವಾದ ಮೇಲೂ ಕೆಲಸ ಮುಗಿದಿರಲಿಲ್ಲ. ಯಂತ್ರ ಕೆಲವು ಒತ್ತಕ್ಷರಗಳನ್ನು ಅದಲುಬದಲು ಮಾಡಿತ್ತು, ಅರ್ಕಾವತ್ತು ಎಲ್ಲೋ ಹೋಗಿ ಕೂತಿತ್ತು. ಹುಡುಗ ಒಂದೊಂದೇ ಹೆಸರು ಓದಿದ, ಹಿರಿಯರು ತಿದ್ದಿದರು. "ಅದು ಬಸಪ್ಪ ಅಲ್ಲ, ಬಸ್ಸಪ್ಪ. ಹಂಗೇ ಕರೀತಿದ್ದಿದ್ದು" ಅಂದರು. ಜಾಗ ಕೊಟ್ಟವರ ಪಟ್ಟಿಯಲ್ಲಿ ಮೂರನೆಯದು ಅವರ ಅಪ್ಪನ ಹೆಸರು. ಅದು ಬಂದಾಗ ಹುಡುಗನನ್ನು ನಿಲ್ಲಿಸಿ, ಇನ್ನೊಂದು ಸಲ ಓದಿಸಿದರು.

ಮುಕ್ಕಾಲು ಗಂಟೆ ಹಿಡಿಯಿತು. ಎರಡು ಪ್ರಿಂಟ್ ತೆಗೆಸಿದರು, ಒಂದು ಶಾಲೆಗೆ, ಒಂದು ಮನೆಗೆ. ಫೈಲನ್ನು ಮೊಮ್ಮಗಳ ಫೋನಿಗೆ ಕಳಿಸಿದ ಹುಡುಗ, ಅಂಗಡಿಯ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇಟ್ಟುಕೊಂಡ. "ನಾವೊಂದು ಪೇಜ್ ಮಾಡ್ತೀವಿ, ನಮ್ಮೂರಿಂದು" ಅಂತ ಆ ಮೊಮ್ಮಗಳು ಮೊನ್ನೆ ನನಗೆ ಫೋನ್ ಮಾಡಿದ್ದಳು. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದಳು. ಆ ಪಟ್ಟಿಯಿಂದಲೇ ಶುರು ಮಾಡು ಅಂದೆ.